ಭೋರಿಗೆ ಹೋದ ಕುದುರೆ

ಪುಣೆಯಲ್ಲಿ ನನ್ನನ್ನು ಕಂಡರೆ ಕುದುರೆಗಳು ಸುಮ್ಮನಿರುತ್ತಿದ್ದವು, ತಾಂಗಾ ಹೊಡೆಯುವವರು ಓಡುತ್ತಿದ್ದರು. ಸ್ಟೇಷನ್ನಿನ ಮುಂದಿನ ಅಡ್ಡೆಯಲ್ಲಿ ನಾನು ಕಾಣಿಸಿಕೊಂಡರೆ ಸಾಕು, ಬೀಡಿ ಸೇದುತ್ತ ಕೂತವರು ಎದ್ದು ಲಗಾಮು ಎಳೆದು, ಗಿರಾಕಿ ಇಲ್ಲದಿದ್ದರೂ ಕ್ಯಾಂಪಿನ ಕಡೆಗೋ ನದಿಯ ಕಡೆಗೋ ಗಾಡಿ ಹೊಡೆದುಬಿಡುತ್ತಿದ್ದರು. ಅದಕ್ಕೆ ಅವರನ್ನು ದೂರುವಂತಿರಲಿಲ್ಲ. ಆ ವರ್ಷ ಊರಿನ ಕುದುರೆಗಳಿಗೆ ಗ್ಲಾಂಡರ್ಸ್ ಎಂಬ ರೋಗ ತಗಲಿತ್ತು. ಅದನ್ನು ಹುಡುಕಿ ತೆಗೆಯುವುದು ನನ್ನ ನೌಕರಿಯಾಗಿತ್ತು.

ತಾಂಗಾದವರು ಅದನ್ನು ಮೂಗಿನ ಬ್ಯಾನಿ ಅನ್ನುತ್ತಿದ್ದರು. ಮೊದಲು ಒಂದೇ ಹೊರಳೆಯಿಂದ ಅಂಟಂಟಾದ ಸಿಂಬಳ ಇಳಿಯುತ್ತದೆ. ದವಡೆಯ ಕೆಳಗೆ ನೋಯದಂಥ ಒಂದು ಗಟ್ಟಿ ಗಂಟು ಏಳುತ್ತದೆ. ಆಮೇಲೆ ಕಾಲಿನ ಮೇಲೆ ಮಣಿ ಪೋಣಿಸಿದ ಹಾಗೆ ಹುಣ್ಣುಗಳು. ಮದ್ದಿಲ್ಲ. ಒಂದೇ ತೊಟ್ಟಿಯಲ್ಲಿ ನೀರು ಕುಡಿದ ಕುದುರೆಗೆಲ್ಲ ಹತ್ತಿಕೊಳ್ಳುತ್ತದೆ. ಕುದುರೆಯಿಂದ ಮನುಷ್ಯನಿಗೂ ಬರುತ್ತದೆ, ಬಂದರೆ ಬದುಕಿದವರು ಅಪರೂಪ. ಆದ್ದರಿಂದ ರೋಗ ಖಾತ್ರಿಯಾದ ಕುದುರೆಯನ್ನು ಕೊಲ್ಲಬೇಕೆಂದು ಸರಕಾರದ ಕಾಯ್ದೆಯೇ ಇತ್ತು. ಪೊಲೀಸು ಗುಂಡು ಹಾರಿಸುತ್ತಿದ್ದ. ನಾನು ನಿಂತು ಸುಣ್ಣ ಹಾಕಿಸಿ ಹೂಳಿಸುತ್ತಿದ್ದೆ. ಸರಕಾರ ಕೊಡುವ ಪರಿಹಾರದಲ್ಲಿ ಇನ್ನೊಂದು ಕುದುರೆ ಬರುತ್ತಿರಲಿಲ್ಲ. ತಾಂಗಾದವನ ಪಾಲಿಗೆ ರೋಗ ಬೇರೆ ನಾನು ಬೇರೆ ಆಗಿರಲಿಲ್ಲ.

ಅದು ಮೂವತ್ತರ ದಶಕದ ಶುರು. ಧಾರವಾಡದಲ್ಲಿ ಅಣ್ಣನ ಸಂಸಾರ, ಅವ್ವ ಅಲ್ಲೇ ಇದ್ದಳು. ಮುಂಬಯಿಯಲ್ಲಿ ಪಶುವೈದ್ಯ ಓದಿ ನೌಕರಿ ಹಿಡಿದು ಬಂದ ನನಗೆ ಎರಡು ಕಡೆ ಹೆಣ್ಣು ನೋಡಿದ್ದರು. ಎರಡೂ ಮುರಿದುಬಿದ್ದವು. ಒಂದು ಮನೆಯಲ್ಲಿ ಹುಡುಗಿಯ ಅಪ್ಪ ಚಹಾದ ಬಟ್ಟಲು ಕೆಳಗಿಟ್ಟು, "ಡಾಕ್ಟರ್ ಅಂದ್ರ ನಾವು ಮನಶ್ಯಾರ ಡಾಕ್ಟರ್ ಅಂತ ತಿಳಕೊಂಡಿದ್ವಿ" ಅಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಬರೀ ನಿರಾಸೆಯಿತ್ತು. ಅದೇ ನನಗೆ ಹೆಚ್ಚು ನಾಟಿತು.

ಪುಣೆಯಲ್ಲಿ ರಾಸ್ತಾ ಪೇಠೆಯ ಒಂದು ವಾಡೆಯಲ್ಲಿ ಮಾಳಿಗೆಯ ಕೋಣೆ ಸಿಕ್ಕಿತು. ಊಟಕ್ಕೆ ಹತ್ತಿರದಲ್ಲೇ ವಿಧವೆಯೊಬ್ಬಳು ನಡೆಸುತ್ತಿದ್ದ ಖಾನಾವಳಿ. ಮೊದಲ ತಿಂಗಳುಗಳಲ್ಲಿ ಎಲ್ಲರ ಸಾಲಿನಲ್ಲೇ ನನಗೂ ಮಣೆ ಹಾಕುತ್ತಿದ್ದಳು. ಕುದುರೆಯ ರೋಗ ಮನುಷ್ಯನಿಗೂ ಬರುತ್ತದೆಂಬ ಸುದ್ದಿ ಪೇಠೆಗಳಲ್ಲಿ ಹಬ್ಬಿದ ಮೇಲೆ ನನ್ನ ಮಣೆ ಮೆಲ್ಲಗೆ ಗೋಡೆಯ ಕಡೆಗೆ ಸರಿಯಿತು. ಆಮೇಲೆ ಪಡಸಾಲೆಗೆ ಬಂತು. ಅವಳು ಬಿಸಿ ಪೋಳಿಯನ್ನು, ಅಂದರೆ ಅಲ್ಲಿಯ ಚಪಾತಿಯನ್ನು, ಮಾತ್ರ ಎಲ್ಲರಿಗೂ ಬಡಿಸಿದಷ್ಟೇ ಅಕ್ಕರೆಯಿಂದ, ಸ್ವಲ್ಪ ಮೇಲಿನಿಂದ, ನನ್ನ ತಾಟಿಗೆ ಇಳಿಬಿಡುತ್ತಿದ್ದಳು. ನಾನು ಕಾರ್ಬಾಲಿಕ್ ಸಾಬೂನಿನಿಂದ ಮೊಣಕೈವರೆಗೆ ತೊಳೆದುಕೊಂಡೇ ಹೋಗುತ್ತಿದ್ದೆ. ಆ ವಾಸನೆಯೇ ಅವರನ್ನು ಇನ್ನಷ್ಟು ಹೆದರಿಸುತ್ತಿತ್ತೆಂದು ಕಾಣುತ್ತದೆ.

ಹಗಲೆಲ್ಲ ಮರಾಠಿ, ಕಚೇರಿಯಲ್ಲಿ ಇಂಗ್ಲಿಷ್. ಕನ್ನಡ ನನ್ನ ಬಾಯೊಳಗೇ ಉಳಿದುಹೋಗಿತ್ತು. ಊರಲ್ಲಿ ನಮ್ಮ ಕಡೆಯವರು ಇರಲಿಲ್ಲವೆಂದಲ್ಲ. ವಕೀಲರಿದ್ದರು, ಮಾಸ್ತರರಿದ್ದರು. ಹಬ್ಬಕ್ಕೆ ಒಮ್ಮೆ ಒಬ್ಬರ ಮನೆಗೆ ಹೋದಾಗ ಮನೆಯ ಯಜಮಾನರು, "ನೀವು ಕುದರಿ ಕೊಲ್ಲಸೋ ಡಾಕ್ಟರಲ್ಲೇನ್ರಿ?" ಎಂದು ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮತ್ತೆ ಆ ಕಡೆ ಹೋಗಲಿಲ್ಲ.

ಚಾಚಾ ಸಿಕ್ಕಿದ್ದು ಇಂಥ ದಿನಗಳಲ್ಲಿ. ಅಡ್ಡೆಯಲ್ಲಿ ಒಂದು ಕುದುರೆಯ ದವಡೆ ಮುಟ್ಟಿ ನೋಡುತ್ತಿದ್ದಾಗ ಅದು ನನ್ನ ಪಾದದ ಮೇಲೆ ಗೊರಸು ಇಟ್ಟಿತು. ನೋವಿಗೆ "ಅಯ್ಯೋ ಯವ್ವಾ!" ಅಂದುಬಿಟ್ಟೆ.

"ಅವ್ವ ಎಲ್ಲಿಂದ ಬರ್ತಾಳ್ರಿ ಇಲ್ಲಿ? ಕಾಲು ಮ್ಯಾಲ ಎತ್ತಬ್ಯಾಡ್ರಿ, ಅದರ ಹೆಗಲಿಗಿ ನಿಮ್ಮ ಹೆಗಲು ಕೊಟ್ಟು ಸರಸ್ರಿ" ಎಂದು ಹಿಂದಿನಿಂದ ಕನ್ನಡ ಕೇಳಿಸಿತು.

ತಿರುಗಿ ನೋಡಿದೆ. ಬಿಳಿ ಗಡ್ಡದ, ಒಣಗಿದ ಮೈಯ ಮುದುಕ. ಬಿಜಾಪುರದ ಕಡೆಯ ಸಾಬರು. ಹರೆಯದಲ್ಲೇ ಪುಣೆಗೆ ಬಂದು ತಾಂಗಾ ಹಿಡಿದವರು. ಹೆಂಡತಿ ಸತ್ತಿದ್ದಳು, ಮಗಳನ್ನು ಬಿಜಾಪುರದಲ್ಲೇ ಕೊಟ್ಟಿದ್ದರು. ಭವಾನಿ ಪೇಠೆಯ ಒಂದು ತಗಡಿನ ಲಾಯದಲ್ಲಿ ಅವರೂ ಅವರ ಕುದುರೆಯೂ ಒಂದೇ ಸೂರಿನ ಕೆಳಗೆ ಇದ್ದರು. ಕುದುರೆ ಎಂದರೆ ಹೆಣ್ಣುಕುದುರೆ, ಕಂದು ಬಣ್ಣದ್ದು, ಹಣೆಯಲ್ಲಿ ಬಿಳಿ ಚುಕ್ಕೆ. ಅವರು ಅದನ್ನು ಬಾಯಿಸಾಹೇಬರು ಎನ್ನುತ್ತಿದ್ದರು. ಏಕವಚನದಲ್ಲಿ ಮಾತಾಡಿಸಿದ್ದನ್ನು ನಾನು ಕೇಳಿರಲಿಲ್ಲ.

"ಬಾಯಿಸಾಹೇಬ್ರಿಗಿ ಇವತ್ತ ಸಿಟ್ಟ ಬಂದದ್ರಿ. ಸ್ವಲ್ಪ ತಡಾ ಆಗ್ತದ" ಅನ್ನುವರು. ಅಥವಾ, "ಈ ಏರು ಅವರಿಗಿ ಸೇರಂಗಿಲ್ಲ. ನಾವಿಬ್ರೂ ಇಳದು ನಡದ್ರ ಖುಷಿ ಆಗ್ತಾರ." ಇಳಿದು ನಡೆಯುತ್ತಿದ್ದೆವು. ಖಾಲಿ ತಾಂಗಾ ಎಳೆದುಕೊಂಡು ಅವಳು ನಮ್ಮ ಪಕ್ಕದಲ್ಲಿ ಗಂಭೀರವಾಗಿ ನಡೆಯುತ್ತಿದ್ದಳು.

ಕೆಲಸ ಮುಗಿದ ಮೇಲೆ ದವಾಖಾನೆಯಿಂದ ಕೋಣೆಗೆ ಹೋಗುವುದು ಅವರ ತಾಂಗಾದಲ್ಲೇ ಎಂದಾಯಿತು. ಬೇರೆಯವರು ಅವರಿಗೆ ಬೈದರಂತೆ, ಆ ಮನುಷ್ಯನನ್ನು ಗಾಡಿಗೆ ಹತ್ತಿಸಿಕೊಳ್ಳುತ್ತೀಯಲ್ಲ ಎಂದು. ಚಾಚಾ ಅದನ್ನು ನನಗೆ ತಾವೇ ಹೇಳಿ, "ರೋಗ ಇದ್ದವ ಓಡ್ಲಿ. ನಾನ್ಯಾಕ ಓಡ್ಲಿ?" ಅಂದರು.

ನಮ್ಮ ಮಾತು ದೊಡ್ಡದೇನೂ ಇರುತ್ತಿರಲಿಲ್ಲ. ಬಿಜಾಪುರದ ನೀರಿನ ಸವುಳು, ಅಲ್ಲಿಯ ಬಿಳಿ ಜ್ವಾಳ, ಇಲ್ಲಿಯ ಜೋಳದ ರೊಟ್ಟಿ ಯಾಕೆ ಮುರುಟುತ್ತದೆ, ಧಾರವಾಡದವರು ಮಾತು ಎಳೆಯುತ್ತಾರೋ ಬಿಜಾಪುರದವರೋ. ಈ ಕೊನೆಯದರ ಮೇಲೆ ದಿನಾ ಜಗಳ. ತಾಂಗಾ ರಾಸ್ತಾ ಪೇಠೆಗೆ ಬಂದಾಗ ಒಂದೊಂದು ದಿನ ನಾನು ಇಳಿಯದೆ, "ಇನ್ನೊಂದು ಸುತ್ತು ಹೊಡೀರಿ ಚಾಚಾ" ಅನ್ನುತ್ತಿದ್ದೆ. ಅವರು ಏನೂ ಕೇಳದೆ ಕುದುರೆಯನ್ನು ತಿರುಗಿಸುತ್ತಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ರೋಗ ಜಾಸ್ತಿಯಾಯಿತು. ಊರಿನ ಕಲ್ಲಿನ ತೊಟ್ಟಿಗಳನ್ನು ಬರಿದು ಮಾಡಿಸಿ ಬಾಯಿ ಕಟ್ಟಿಸಬೇಕಾಯಿತು. ಪ್ರತಿ ಕುದುರೆಗೂ ಅದರದೇ ಬಕೆಟ್ಟಿನಲ್ಲಿ ನೀರು ಕೊಡಿ ಎಂದು ಲಾಯ ಲಾಯ ತಿರುಗಿ ಹೇಳಿದೆ. ಕೆಲವರು ಕೇಳಿದರು. ಕೆಲವರು ನಾನು ಹೋದ ಮೇಲೆ ತೊಟ್ಟಿಗೆ ಕಟ್ಟಿದ ಹಲಗೆ ಕಿತ್ತು ಮತ್ತೆ ನೀರು ತುಂಬಿಸಿದರು. ಮೈಲುಗಟ್ಟಲೆ ಓಡಿ ಬಾಯಾರಿದ ಕುದುರೆ ನೀರಿನ ವಾಸನೆ ಹಿಡಿದು ನಿಂತುಬಿಟ್ಟರೆ ಅವರಾದರೂ ಏನು ಮಾಡಬೇಕು?

ಒಂದು ಸಂಜೆ ದವಾಖಾನೆಯ ಮುಂದೆ ಚಾಚಾ ತಮ್ಮ ಹೆಗಲ ಮೇಲಿನ ವಸ್ತ್ರದಿಂದ ಬಾಯಿಸಾಹೇಬರ ಮೂಗು ಒರೆಸುತ್ತಿದ್ದುದನ್ನು ಕಂಡೆ. ಒರೆಸಿ ಅದೇ ವಸ್ತ್ರವನ್ನು ಹೆಗಲಿಗೆ ಹಾಕಿಕೊಂಡರು. ನಾನು ತಾಂಗಾ ಹತ್ತಲಿಲ್ಲ.

"ಚಾಚಾ, ಎಷ್ಟು ದಿನದಿಂದ ಸೋರ್ತದ?"

"ನೆಗಡಿ ಆಗೇದ್ರಿ ಬಾಯಿಸಾಹೇಬ್ರಿಗಿ. ಮಳ್ಯಾಗ ನೆನದಾರ."

ಹೋಗಿ ದವಡೆಯ ಕೆಳಗೆ ಕೈ ಹಾಕಿದೆ. ಗಂಟು ಅಲ್ಲೇ ಇತ್ತು, ಅಡಿಕೆಯಷ್ಟು ದೊಡ್ಡದು, ಎಲುಬಿಗೆ ಅಂಟಿಕೊಂಡಂತೆ. ಒತ್ತಿದರೂ ಅವಳು ಕದಲಲಿಲ್ಲ. ನೆಗಡಿಯ ಗಂಟು ನೋಯುತ್ತದೆ, ಒತ್ತಿದರೆ ಕುದುರೆ ತಲೆ ಕೊಡವುತ್ತದೆ. ಅವಳು ಕೊಡವಲೆಂದು ಇನ್ನೊಮ್ಮೆ, ಮತ್ತೊಮ್ಮೆ ಒತ್ತಿದೆ. ಅವಳು ನನ್ನ ತೋಳಿನ ಮೇಲೆ ಬಿಸಿಯಾಗಿ ಉಸಿರು ಬಿಡುತ್ತ ಸುಮ್ಮನೆ ನಿಂತಿದ್ದಳು.

ಚಾಚಾ ನನ್ನ ಮುಖವನ್ನೇ ನೋಡುತ್ತಿದ್ದರು. "ಎಲ್ಲಾ ಕುದರಿಗಿ ಮಾಡಿದ್ದು ಇವರಿಗೂ ಮಾಡ್ತೀರೇನ್ರಿ?" ಅಂದರು.

"ಮಾಡಬೇಕು ಚಾಚಾ."

"ಮಾಡ್ರಿ ಹಂಗಾದ್ರ. ನಾ ಹಿಡೀತೀನಿ."

ಪರೀಕ್ಷೆ ಎಂದರೆ ಮ್ಯಾಲೀನ್ ಎಂಬ ಔಷಧವನ್ನು ಕಣ್ಣಿನ ಕೆಳರೆಪ್ಪೆಗೆ ಸಣ್ಣ ಸೂಜಿಯಿಂದ ಚುಚ್ಚುವುದು. ರೋಗವಿಲ್ಲದಿದ್ದರೆ ಏನೂ ಆಗುವುದಿಲ್ಲ. ಇದ್ದರೆ ರೆಪ್ಪೆ ಊದಿ, ಕಣ್ಣು ಮುಚ್ಚಿ, ಕೀವು ಬರುತ್ತದೆ. ಅವಳನ್ನು ಲಾಯಕ್ಕೆ ನಡೆಸಿಕೊಂಡು ಹೋದ ಮೇಲೆ ಚಾಚಾ ಅವಳ ತಲೆಯನ್ನು ಎದೆಗೆ ಒತ್ತಿ ಹಿಡಿದುಕೊಂಡರು. ನಾನು ಚುಚ್ಚಿದೆ. ಲಾಯದ ಬಾಗಿಲಿಗೆ ಬಂದು, ವಸ್ತ್ರವನ್ನು ಸುಡಿ, ಕೈ ತೊಳೆಯಿರಿ, ಇವತ್ತು ಲಾಯದಲ್ಲಿ ಮಲಗಬೇಡಿ ಎಂದು ಹೇಳಿದೆ. ಅವರು ಎಲ್ಲದಕ್ಕೂ ತಲೆಯಾಡಿಸಿದರು.

ಮಾರನೆಯ ದಿನ ನೋಡಲು ಹೋದಾಗ ಲಾಯ ಬರಿದಾಗಿತ್ತು. ಕುದುರೆಯಿಲ್ಲ, ತಾಂಗಾ ಇಲ್ಲ, ಮೂಲೆಯಲ್ಲಿದ್ದ ಹುಲ್ಲಿನ ಹೊರೆಯೂ ಇಲ್ಲ. ಪಕ್ಕದ ಲಾಯದವನು ನನ್ನನ್ನು ನೋಡದೆಯೇ, "ಸಾತಾರಾ ರಸ್ತ್ಯಾನೇ ಗೇಲೇ" ಅಂದ, ಸಾತಾರಾ ದಾರಿ ಹಿಡಿದು ಹೋದರೆಂದು. ಆ ಮಾತಿನಲ್ಲಿ ಸ್ವಲ್ಪ ಸಂತೋಷವೂ ಇತ್ತು.

ಸಾತಾರಾ ದಾರಿ ಅಂದಕೂಡಲೇ ತಿಳಿಯಿತು. ಕಾತ್ರಜ್ ಘಾಟು ದಾಟಿ ಮುಂದೆ ಹೋದರೆ ಭೋರ್ ಸಂಸ್ಥಾನ. ಅಲ್ಲಿ ರಾಜರ ಆಳ್ವಿಕೆ, ನಮ್ಮ ಕಾಯ್ದೆ ನಡೆಯುತ್ತಿರಲಿಲ್ಲ. ನಮ್ಮ ಮೇಲಧಿಕಾರಿ ಒಬ್ಬ ಪಾರಸಿ ಮುದುಕ, ಕುದುರೆಗಳನ್ನು ಬಲ್ಲವರು, ಒಳ್ಳೆಯವರು. ನಾನು ಹೇಳಿದ್ದನ್ನೆಲ್ಲ ಕೇಳಿ, ಕುದುರೆ ನಮ್ಮ ಹದ್ದು ದಾಟಿದೆ, ನಮ್ಮ ಕೆಲಸ ಅಲ್ಲಿಗೆ ಮುಗಿಯಿತು ಎಂದರು. ರೋಗ ಹದ್ದು ನೋಡಿ ನಿಲ್ಲುವುದಿಲ್ಲವಲ್ಲ ಎಂದೆ. ಅವರು ಕನ್ನಡಕ ತೆಗೆದು ಒರೆಸುತ್ತ, ನೀನು ಈ ವರ್ಷ ರಜೆಯನ್ನೇ ತೆಗೆದುಕೊಂಡಿಲ್ಲ ಅಲ್ಲವೇ ಎಂದರು.

ಬೆಳಿಗ್ಗೆ ಹೊರಡುವ ಮೋಟಾರಿನಲ್ಲಿ ಕೂತೆ. ಕಾತ್ರಜ್ ಘಾಟಿನ ಸುರಂಗ ದಾಟಿ ಆಚೆ ಇಳಿಯುವಾಗ ಗದ್ದೆಗಳಲ್ಲಿ ಭತ್ತ ಹಣ್ಣಾಗುತ್ತಿತ್ತು. ಶಿವಾಪುರದಲ್ಲಿ ಮೋಟಾರು ನಿಂತಾಗ ದರ್ಗಾದ ಮುಂದೆ ಹೂ ಮಾರುವವನನ್ನು ಕೇಳಿದೆ. ಬಿಳಿ ಗಡ್ಡದ ತಾಂಗಾದವನು ಬಂದಿದ್ದ, ಕುದುರೆಯ ಕೊರಳಿಗೆ ದಾರ ಕಟ್ಟಿಸಿಕೊಂಡು ಹೋದ ಎಂದ. ಕುದುರೆಯ ಕಣ್ಣು ಹೇಗಿತ್ತು ಎಂದೆ. ಅವನು ತನ್ನ ಎಡಗಣ್ಣಿನ ಮೇಲೆ ಮುಷ್ಟಿ ಇಟ್ಟು ತೋರಿಸಿದ. ಅದಕ್ಕಿಂತ ಹೆಚ್ಚಿಗೆ ತಿಳಿಯುವುದು ಬೇಕಿರಲಿಲ್ಲ. ದಾರಿಯಲ್ಲಿ ಮೋಟಾರು ಬಿಟ್ಟು ಎತ್ತಿನ ಗಾಡಿ ಹಿಡಿದು ಭೋರಿಗೆ ಹೋದೆ.

ಭೋರಿನ ಪೇಟೆಯಲ್ಲಿ ಅವರನ್ನು ನೋಡಿದವರಿದ್ದರು. ಊರಾಚೆ, ನೀರಾ ನದಿಯ ದಂಡೆಯ ಮೇಲೆ, ಯಾರೋ ಬಿಟ್ಟುಹೋದ ಇಟ್ಟಂಗಿ ಭಟ್ಟಿಯ ಹತ್ತಿರ ಒಂದು ಗುಡಿಸಲು. ಮುಂದೆ ಮೂಕಿ ನೆಲಕ್ಕೂರಿ ನಿಂತ ತಾಂಗಾ. ಹಿಂದೆ ಮಾವಿನ ಮರಕ್ಕೆ ಬಾಯಿಸಾಹೇಬರನ್ನು ಕಟ್ಟಿತ್ತು. ಚಾಚಾ ನನ್ನನ್ನು ದೂರದಿಂದಲೇ ನೋಡಿದರು. ಎದ್ದು ಬಂದು ಕುದುರೆಗೂ ನನಗೂ ನಡುವೆ ನಿಂತರು.

"ಇಲ್ಲಿ ನಿಮ್ಮ ಕಾಯ್ದೆ ನಡಿಯಂಗಿಲ್ರಿ, ಸಾಹೇಬ್ರ."

"ಗೊತ್ತದ ಚಾಚಾ. ನಾ ಕಾಯ್ದೆ ತಗೊಂಡು ಬಂದಿಲ್ಲ."

"ಮತ್ಯಾಕ ಬಂದ್ರಿ?"

"ನಿಮ್ಮ ಕೈ ನೋಡ್ಲಿಕ್ಕೆ ಬಂದೀನಿ. ಕೈ ತೋರಸ್ರಿ."

ಅವರು ತಟ್ಟನೆ ಕೈ ಮುಂದೆ ಚಾಚಿದರು. ಲಗಾಮು ಹಿಡಿದು ಹಿಡಿದು ಬಿರುಕು ಬಿಟ್ಟ ಅಂಗೈ, ಒಂದು ಬೆರಳ ಸಂದಿಯಲ್ಲಿ ಹಸಿ ಗಾಯ. ಚೀಲದಿಂದ ಕಾರ್ಬಾಲಿಕ್ ತೆಗೆದು ತೊಳೆದೆ. ಉರಿಗೆ ಅವರ ಮುಖ ಕಿವುಚಿತು. ಬಟ್ಟೆ ಕಟ್ಟುತ್ತ ಎಲ್ಲ ಹೇಳಿದೆ: ಇದು ನಿಮಗೂ ಬರಬಹುದು, ಬಂದರೆ ಏನಾಗುತ್ತದೆ, ನದಿಯ ನೀರಿಗೆ ಇವಳನ್ನು ಇಳಿಸಿದರೆ ಈ ಊರಿನ ಕುದುರೆಗಳಿಗೆ ಏನಾಗುತ್ತದೆ.

"ಕಣ್ಣು ಊದಿದ್ದು ನೀವು ಚುಚ್ಚಿದ್ದಕ್ಕ ಅಲ್ಲೇನ್ರಿ?" ಅಂದರು ಕೊನೆಗೆ.

"ರೋಗ ಇಲ್ಲದ ಕುದರಿಗಿ ಚುಚ್ಚಿದ್ರ ಊದೂದಿಲ್ಲ ಚಾಚಾ."

ಅವರು ಹೋಗಿ ಭಟ್ಟಿಯ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತರು. ನನಗೆ ಹೋಗಿ ಎಂದೂ ಹೇಳಲಿಲ್ಲ, ಇರಿ ಎಂದೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು ನದಿಯಿಂದ ಬಕೆಟ್ಟಿನಲ್ಲಿ ನೀರು ಹೊತ್ತು ತಂದು ಮರದ ಬುಡದಲ್ಲಿಟ್ಟರು. ಅಷ್ಟಾದರೂ ಒಪ್ಪಿದರಲ್ಲ ಎಂದುಕೊಂಡು ನಾನು ಕೋಟು ಬಿಚ್ಚಿ ತಾಂಗಾದ ಮೇಲೆ ಹಾಕಿದೆ.

ರಜೆಯ ದಿನಗಳನ್ನೆಲ್ಲ ಅಲ್ಲೇ ಕಳೆದೆ. ಇಬ್ಬರು ಗಂಡಸರು ಮೂರು ಕಲ್ಲಿಟ್ಟು ಒಲೆ ಮಾಡಿ ರೊಟ್ಟಿ ಬಡಿದದ್ದು, ಅದು ಹರಿದದ್ದು, ಪೇಟೆಯಿಂದ ತಂದ ಬೆಲ್ಲದ ಜೊತೆ ತಿಂದದ್ದು. ಹುಲ್ಲು ಹಾಕುವುದಕ್ಕೂ ನೀರಿಡುವುದಕ್ಕೂ ನಾನೇ ಹೋಗುತ್ತಿದ್ದೆ, ಹೋಗಿ ಬಂದು ಕೈ ತೊಳೆಯುತ್ತಿದ್ದೆ. ಅವರು ದೂರದಲ್ಲಿ ಕೂತು ಮಾತಾಡಿಸುತ್ತಿದ್ದರು, ನನ್ನನ್ನಲ್ಲ, ಅವಳನ್ನು. "ಇವತ್ತ ಡಾಕ್ಟರ್ ಸಾಹೇಬ್ರು ನಿಮ್ಮ ಚಾಕರಿ ಮಾಡ್ಲಾಕತ್ಯಾರ. ನಸೀಬ ನಿಮ್ದು!" ಅವಳು ಕಿವಿ ಆ ಕಡೆ ತಿರುಗಿಸುವಳು. ನನಗೆ ಒಂದೊಂದು ಗಳಿಗೆ ರೋಗ ಮರೆತುಹೋಗುತ್ತಿತ್ತು. ಬೆಳಗಾಗೆದ್ದರೆ ಕನ್ನಡ, ಉಣ್ಣುವಾಗ ಕನ್ನಡ. ಯಾರೂ ನನ್ನಿಂದ ದೂರ ಸರಿಯುತ್ತಿರಲಿಲ್ಲ. ಆ ನದಿಯ ದಂಡೆಯ ಮೇಲೆ, ಸಾಯುತ್ತಿರುವ ಒಂದು ಪ್ರಾಣಿಯ ಪಕ್ಕದಲ್ಲಿ ನನಗೆ ಮನೆಯಲ್ಲಿದ್ದ ಹಾಗೆ ಅನ್ನಿಸುತ್ತಿತ್ತು. ಅದು ಸರಿಯೋ ತಪ್ಪೋ ನಾನು ವಿಚಾರ ಮಾಡಲಿಲ್ಲ.

ಅವಳ ಒಳತೊಡೆಯ ಮೇಲೆ ಹುಣ್ಣುಗಳ ಸಾಲು ಎದ್ದಿತು, ಒಡೆಯಿತು. ಉಸಿರಿಗೆ ಗರಗಸದ ಸದ್ದು ಬಂತು. ಆಮೇಲೆ ಹುಲ್ಲು ಬಿಟ್ಟಳು. ಒಂದು ಮುಂಜಾನೆ ನಾನು ನೀರು ಇಡಲು ಹೋದಾಗ ಕಾಲು ಅಗಲಿಸಿ, ಕತ್ತು ಮುಂದೆ ಚಾಚಿ, ಇಡೀ ಪಕ್ಕೆಯಿಂದ ಉಸಿರು ಎಳೆಯುತ್ತ ನಿಂತಿದ್ದಳು. ಚಾಚಾ ಬಂದು ನನ್ನ ಹಿಂದೆ ನಿಂತರು.

"ಆಕೀಗಿ ಉಸರು ಸಿಗವಲ್ತು" ಅಂದರು. ಬಾಯಿಸಾಹೇಬರು ಎನ್ನಲಿಲ್ಲ. "ನಿಮ್ಮ ಕೆಲಸ ಮಾಡ್ರಿ."

ಅಲ್ಲಿ ಪೊಲೀಸರನ್ನು ಕರೆಯುವ ಅಧಿಕಾರ ನನಗಿರಲಿಲ್ಲ. ಹತ್ತಿರದ ಹಳ್ಳಿಯ ಪಾಟೀಲನ ಬಳಿ ಹಂದಿ ಹೊಡೆಯುವ ಬಂದೂಕು ಇತ್ತು. ಹೋಗಿ ವಿಷಯ ಹೇಳಿದೆ. ದೊಡ್ಡ ಮೀಸೆಯ ಗಟ್ಟಿ ಆಳು. ಕೇಳಿ ಬಂದೂಕು ಹೆಗಲಿಗೇರಿಸಿಕೊಂಡು ನನ್ನ ಜೊತೆ ಹೊರಟ. ಮರದ ಹತ್ತಿರ ಬಂದು ಅವಳನ್ನು ನೋಡಿದ ಮೇಲೆ ಮಾತ್ರ ಕೈ ಹಿಂದಕ್ಕೆ ಎಳೆದುಕೊಂಡ.

"ಘೋಡಾ ಖಂಡೋಬಾಚಾ. ಮಾಝ್ಯಾ ಹಾತಾನಂ ನಾಹೀ ವ್ಹಾಯಚಂ" ಅಂದ. ಕುದುರೆ ಖಂಡೋಬನ ವಾಹನ, ಜೇಜುರಿಯ ಖಂಡೋಬ ಅವನ ಮನೆದೇವರು, ತನ್ನ ಕೈಯಿಂದ ಆಗುವುದಿಲ್ಲ. ಬಂದೂಕು ತುಂಬಿ ನನ್ನ ಕೈಗೆ ಕೊಟ್ಟು, ರುಮಾಲು ತೆಗೆದು, ಪಕ್ಕಕ್ಕೆ ಸರಿದು ನಿಂತ.

ಅಷ್ಟು ಕುದುರೆಗಳನ್ನು ಕೊಲ್ಲಿಸಿದ್ದ ನಾನು ಒಂದನ್ನೂ ಕೊಂದಿರಲಿಲ್ಲ. ಜಾಗ ಗೊತ್ತಿತ್ತು. ಒಂದು ಕಿವಿಯ ಬುಡದಿಂದ ಎದುರು ಕಣ್ಣಿಗೆ, ಇನ್ನೊಂದು ಕಿವಿಯಿಂದ ಈ ಕಣ್ಣಿಗೆ ಗೆರೆ ಎಳೆದರೆ ಎರಡೂ ಕೂಡುವ ಕಡೆ, ಸ್ವಲ್ಪ ಮೇಲೆ. ಅವಳ ಬಿಳಿ ಚುಕ್ಕೆ ಸರಿಯಾಗಿ ಅಲ್ಲೇ ಇತ್ತು. ಹಗ್ಗ ಬಿಟ್ಟು ದೂರ ನಿಲ್ಲಿ ಎಂದು ಚಾಚಾಗೆ ಹೇಳಿದೆ. ಅವರು ಹಗ್ಗ ಉದ್ದ ಬಿಟ್ಟರು, ಕೈ ಬಿಡಲಿಲ್ಲ. ಅವರ ಮನೆಮಾತಿನಲ್ಲಿ, ಅಂದರೆ ದಖನಿಯಲ್ಲಿ, ಅವಳಿಗೆ ಏನೋ ಹೇಳತೊಡಗಿದರು. ನನ್ನ ಜೊತೆ ಆಡುತ್ತಿದ್ದ ಮಾತೇ ಅವರ ಮನೆಯ ಮಾತೆಂದು ನಾನು ಅಷ್ಟು ದಿನ ಅಂದುಕೊಂಡಿದ್ದೆ. ಆ ಸ್ವರಕ್ಕೆ ಅವಳ ಕಿವಿಗಳು ಮುಂದಕ್ಕೆ ಬಂದವು. ಆಗ ಗುಂಡು ಹಾರಿಸಿದೆ.

ಅವಳು ನಿಂತಲ್ಲೇ ಕುಸಿದಳು. ನದಿಯಾಚೆಯ ಕಾಗೆಗಳೆಲ್ಲ ಎದ್ದು ಕೂಗಿದವು. ಪಾಟೀಲ ಬಂದೂಕು ತೆಗೆದುಕೊಂಡು ಹೋಗಿ ಹಾರೆ, ಸಲಿಕೆ, ಸುಣ್ಣದ ಚೀಲ ಕಳಿಸಿದ. ಕುಣಿ ತೋಡಲು ಇಬ್ಬರು ಬಂದರು. ಆದರೆ ಹೆಣ ಮುಟ್ಟುವುದಿಲ್ಲವೆಂದರು, ಅದು ಒಳ್ಳೆಯದೇ ಆಯಿತು. ನಾನೂ ಚಾಚಾನೂ ಕಾಲಿಗೆ ಹಗ್ಗ ಹಾಕಿ ಎಳೆದೆವು. ಅವರ ವಯಸ್ಸಿಗೆ ಅದು ಆಗುವ ಕೆಲಸವಲ್ಲ. ಬಿಡಿ ಎಂದರೆ ಕೇಳಲಿಲ್ಲ. ಸುಣ್ಣ ಸುರಿದು ಮಣ್ಣು ಮುಚ್ಚಿದೆವು. ತಡಿ, ಪಟ್ಟಾ, ಹುಲ್ಲಿನ ಚೀಲ, ಮೈ ತಿಕ್ಕುವ ಬಟ್ಟೆ ಎಲ್ಲ ಸುಟ್ಟೆ. ಕೊರಳಪಟ್ಟಿಯ ಗೆಜ್ಜೆಗಳನ್ನು ಕೈಯಲ್ಲಿ ಹಿಡಿದುಕೊಂಡು ಚಾಚಾ ನನ್ನ ಮುಖ ನೋಡಿದರು. ತಗಡಿನ ಡಬ್ಬಿಯಲ್ಲಿ ನೀರಿಟ್ಟು ಅವನ್ನು ಕುದಿಸಿದೆ. ಕುದಿಯುವ ನೀರಿನಲ್ಲಿ ಅವು ಸಣ್ಣಗೆ ಸದ್ದು ಮಾಡುತ್ತಿದ್ದವು. ಅವರು ಎದ್ದು ನದಿಯ ಕಡೆ ಹೋದರು.

ತಾಂಗಾವನ್ನು ಉಜ್ಜಿ ತೊಳೆದು ಪಾಟೀಲನಿಗೇ ಬಿಟ್ಟುಕೊಟ್ಟರು. ನನ್ನ ಜೊತೆ ಪುಣೆಗೆ ಬಂದರು, ಆದರೆ ಇರಲು ಬರಲಿಲ್ಲ. ಜ್ವರ ಬರುತ್ತದೋ ನೋಡಬೇಕು, ಸ್ವಲ್ಪ ದಿನ ನನ್ನ ಕೋಣೆಯಲ್ಲೇ ಇರಿ ಎಂದು ಬೇಡಿಕೊಂಡೆ. ಮಗಳ ಊರಿಗೆ ಹೋಗುತ್ತೇನೆ ಎಂದರು. ಸ್ಟೇಷನ್ನಿಗೆ ನಡೆದೇ ಹೋದೆವು. ಗಾಡಿ ಬರುವ ತನಕ ಬಾಕಿನ ಮೇಲೆ ಕೂತಿದ್ದೆವು. ಜ್ವರ ಬಂದರೆ, ಮೈಮೇಲೆ ಗಂಟು ಎದ್ದರೆ ತಕ್ಷಣ ದೊಡ್ಡ ದವಾಖಾನೆಗೆ ಹೋಗಿ ಕುದುರೆಯ ವಿಷಯ ಹೇಳಬೇಕು ಎಂದು ಮತ್ತೆ ಮತ್ತೆ ಹೇಳಿದೆ.

"ಹೇಳ್ತೀನ್ರಿ" ಅಂದರು. ಆಮೇಲೆ, "ಸಾಹೇಬ್ರ, ನೀವು ತಪ್ಪು ಮಾಡಿಲ್ಲ. ನಾ ಅದನ್ನ ಯಾರ ಮುಂದ ಬೇಕಾದ್ರೂ ಹೇಳ್ತೀನಿ. ಆದ್ರ ನಿಮ್ಮ ಮಾರಿ ನೋಡಿದ್ರ ನನಗ ಆಕಿ ಕಾಣ್ತಾಳ. ಅದಕ್ಕ ಹೊಂಟೀನಿ."

ಗಾಡಿ ಬಂತು. ಅವರು ಹತ್ತಿ ಕಿಟಕಿಯಿಂದ ಕೈ ಹೊರಗೆ ಹಾಕಿ ನನ್ನ ತಲೆಯ ಮೇಲಿಟ್ಟು ತೆಗೆದರು.

ಮುಂದಿನ ಚಳಿಗಾಲದ ಹೊತ್ತಿಗೆ ಊರಿನಲ್ಲಿ ರೋಗ ಇಳಿಯಿತು. ನನ್ನನ್ನು ಪುಣೆಯ ಪಡುವಣ ಗುಡ್ಡಗಳ ಮಾವಳ ಸೀಮೆಯ ಹಳ್ಳಿಗಳಿಗೆ ಕಳಿಸಿದರು. ಅಲ್ಲಿ ದನಗಳಿಗೆ ದೊಡ್ಡರೋಗ ಬಿದ್ದಿತ್ತು, ಲಸಿಕೆ ಹಾಕುವ ಕೆಲಸ. ದನಗಳನ್ನು ಉಳಿಸುವ ಕೆಲಸವಾದ್ದರಿಂದ ಜನ ನನ್ನನ್ನು ಕರೆದು ಕೂರಿಸುತ್ತಿದ್ದರು, ಹಾಲು ಕೊಡುತ್ತಿದ್ದರು. ಚಾವಡಿಗಳಲ್ಲಿ, ಗುಡಿಗಳಲ್ಲಿ ಒಬ್ಬನೇ ಮಲಗುತ್ತಿದ್ದೆ. ಬಿಜಾಪುರದಿಂದ ಸುದ್ದಿ ಬರಲಿಲ್ಲ. ಜ್ವರ ಬಂತೋ ಇಲ್ಲವೋ ಎಂಬ ಪ್ರಶ್ನೆ ಲಸಿಕೆ ತುಂಬುವಾಗ, ಗುಡ್ಡ ಹತ್ತುವಾಗ ತಾನಾಗಿಯೇ ಬಂದು ಹೋಗುತ್ತಿತ್ತು.

ಅವ್ವನಿಗೆ ಮೈ ಸರಿಯಿಲ್ಲವೆಂದು ಧಾರವಾಡಕ್ಕೆ ಹೋದವನು ಬರುವಾಗ ದಾರಿ ಬದಲಿಸಿ ಬಿಜಾಪುರದಲ್ಲಿ ಇಳಿದೆ. ಅವರ ಅಳಿಯ ನೂಲಿನ ಬಣ್ಣಗಾರ ಎಂದಷ್ಟು ಗೊತ್ತಿತ್ತು. ಕೇಳುತ್ತ ಹೋದರೆ ಓಣಿಯ ತುದಿಯ ಮನೆ. ಬಾಗಿಲಲ್ಲಿ ನೀಲಿ ನೂಲು ಒಣಹಾಕುತ್ತ ಚಾಚಾ ನಿಂತಿದ್ದರು. ಬದುಕಿದ್ದರು. ಮೈ ತುಂಬಿಕೊಂಡಿತ್ತು, ಅಂಗೈಗೆ ಗಾಯವಿರಲಿಲ್ಲ, ಬಣ್ಣ ಹತ್ತಿತ್ತು. ನನಗೆ ಮೊದಲು ಕಾಣಿಸಿದ್ದು ಅದೇ.

"ಬರ್ರಿ, ಬರ್ರಿ ಸಾಹೇಬ್ರ!" ಎಂದು ಹೊರಸಿನ ಮೇಲೆ ಕೂರಿಸಿದರು. ಮಗಳು ಚಹಾ ತಂದಳು. ಮೊಮ್ಮಕ್ಕಳು ಬಂದು ನೋಡಿ ಹೋದರು. ಓಣಿಯಲ್ಲಿ ಹೋಗುವವರೆಲ್ಲ ಚಾಚಾನನ್ನು ಮಾತಾಡಿಸುತ್ತಿದ್ದರು, ಅವರು ಒಬ್ಬೊಬ್ಬರಿಗೂ ಉತ್ತರ ಕೊಡುತ್ತಿದ್ದರು. ಜ್ವಾಳದ ಬೆಳೆ ಹೇಗಿದೆ ಎಂದು ಕೇಳಿದೆ. ಚಲೋ ಅದ ಅಂದರು. ಪುಣೆಯಲ್ಲಿ ಮಳೆ ಹೇಗೆ ಎಂದು ಅವರು ಕೇಳಿದರು. ಚಲೋ ಆಗ್ಯದ ಎಂದೆ. ಕುದುರೆಯ ಮಾತು ಇಬ್ಬರೂ ಎತ್ತಲಿಲ್ಲ. ಪುಣೆಯ ರಸ್ತೆಗಳಲ್ಲಿ ಒಂದು ಸುತ್ತು, ಇನ್ನೊಂದು ಸುತ್ತು ಎಂದು ಮುಗಿಯದೆ ಇದ್ದ ಮಾತು ಇಲ್ಲಿ ಒಂದು ಬಟ್ಟಲು ಚಹಾ ಮುಗಿಯುವಷ್ಟರಲ್ಲಿ ಮುಗಿದುಹೋಯಿತು. ಇಲ್ಲಿ ಅವರ ಸುತ್ತ ಇಡೀ ಊರೇ ಮಾತಾಡುತ್ತಿತ್ತು. ನಾನು ದೂರದಿಂದ ಬಂದ ಒಬ್ಬ ಸರಕಾರಿ ಸಾಹೇಬ.

ಎದ್ದು ನಿಂತೆ. ಉಂಡು ಹೋಗಿ ಎಂದು ಒತ್ತಾಯ ಮಾಡಿದರು, ನಿಜವಾಗಿಯೇ ಮಾಡಿದರು. ಗಾಡಿಗೆ ಹೊತ್ತಾಗುತ್ತದೆ ಎಂದೆ. ಓಣಿಯ ತಿರುವಿನ ತನಕ ಬಂದು, "ಮೈ ಜ್ವಾಕಿ ಸಾಹೇಬ್ರ. ಮದವಿ ಮಾಡ್ಕೋರಿ. ಒಬ್ರೇ ಇರಬ್ಯಾಡ್ರಿ" ಅಂದರು. ಹೂಂ ಎಂದೆ.

ಹೋಟಗಿಯಲ್ಲಿ ಗಾಡಿ ಬದಲಿಸಿ ಪುಣೆಯ ಕಡೆಗೆ ಕೂತೆ. ಸೊಲ್ಲಾಪುರದ ತನಕ ಡಬ್ಬಿಯಲ್ಲಿ ಕನ್ನಡವಿತ್ತು. ಅಲ್ಲಿ ಒಂದು ದೊಡ್ಡ ಗುಂಪು ಇಳಿಯಿತು, ಹತ್ತಿದವರೆಲ್ಲ ಮರಾಠಿಯವರು. ಎದುರಿಗೆ ಕೂತ ರೈತನೊಬ್ಬ ನಾನು ಏನು ಕೆಲಸ ಮಾಡುತ್ತೇನೆಂದು ಕೇಳಿದ. ಜನಾವರಗಳ ಡಾಕ್ಟರು ಎಂದೆ. ಅವನು ಮುಂದಕ್ಕೆ ಬಾಗಿ ತನ್ನ ಎತ್ತಿನ ಮುಂಗಾಲಿನ ಕುಂಟು ಹೇಗೆ ಶುರುವಾಯಿತೆಂಬುದನ್ನು ಮೊದಲಿನಿಂದ ಹೇಳತೊಡಗಿದ. ನಾನು ಕೇಳುತ್ತ, ಗೊರಸಿನ ಸಂದಿ ನೋಡಿದೆಯಾ, ಅಲ್ಲಿ ಬಿಸಿ ಇದೆಯಾ ಎಂದು ಮರಾಠಿಯಲ್ಲಿ ಕೇಳುತ್ತ ಹೋದೆ. ದೌಂಡಿನಲ್ಲಿ ಅವನು ಇಳಿದು ಕಿಟಕಿಯಲ್ಲಿ ಕೈ ಮುಗಿದ. ಅವನ ಜಾಗಕ್ಕೆ ಯಾರೂ ಬಂದು ಕೂರಲಿಲ್ಲ.